ಕಮ್ಮಿ ಆಗಿದೆಯಂತೆ

ಆ ದಿನದ ರಗಳೆಗೆಲ್ಲ ಕಾರಣ ಒಂದು ಫೋನು. ಅದನ್ನು ಚಾರ್ಜಿಗೆ ಹಾಕಿ, ಅಡುಗೆಮನೆಯ ಕಟ್ಟೆಯ ಮೇಲೆಯೇ ಮರೆತು ಒತ್ತಪ್ಪನವರು ಕೆಲಸಕ್ಕೆ ಹೊರಟುಬಿಟ್ಟಿದ್ದರು.

ಒತ್ತಪ್ಪ ಎನ್ನುವುದು ಅವರ ಹೆಸರಲ್ಲ, ಪ್ರೆಸ್ಸಿನವರು ಇಟ್ಟದ್ದು. ಇಪ್ಪತ್ತೆರಡು ವರ್ಷದಿಂದ ಅದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ಅವರು, ಎಲ್ಲಾದರೂ ಒಂದು ಒತ್ತಕ್ಷರ ಬಿಟ್ಟುಹೋಗಿದ್ದು ಕಂಡರೆ ಚೇಳು ಕಡಿದವರ ಹಾಗೆ ಕೂಗುತ್ತಿದ್ದರು. ಎದುರಿಗೆ ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಒತ್ತಪ್ಪ. ನಾವೂ ಅವರ ಬೆನ್ನ ಹಿಂದೆಯೇ ಹೋಗುವವರಾದ್ದರಿಂದ ಹಾಗೆಯೇ ಕರೆಯೋಣ.

ಮೂರು ತಿಂಗಳ ಹಿಂದೆ ಒತ್ತಪ್ಪನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಅಳೆದಾಗ ಮುನ್ನೂರ ನಲವತ್ತು. "ಮೂರು ತಿಂಗಳು ಮಾತ್ರೆ, ಪಥ್ಯ, ನಡಿಗೆ. ಆಮೇಲೆ ನೋಡೋಣ. ಕಮ್ಮಿ ಆಗಿದ್ರೆ ಸರಿ, ಇಲ್ಲಾಂದ್ರೆ ದಿನಾ ಇಂಜೆಕ್ಷನ್" ಎಂದಿದ್ದರು ಡಾಕ್ಟ್ರಮ್ಮ. ಒತ್ತಪ್ಪನವರ ಕಿವಿಗೆ ಕೇಳಿಸಿದ್ದು ಕೊನೆಯ ಎರಡು ಪದ ಮಾತ್ರ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ಕಿಟಕಿ ಹಾರಿ ಓಡಿಹೋದ ಮನುಷ್ಯ ಅವರು. ಐವತ್ತೆರಡು ವರ್ಷವಾದರೂ ಆ ಭಯ ಒಂದು ಕೂದಲಷ್ಟೂ ಕಡಿಮೆಯಾಗಿರಲಿಲ್ಲ. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿಕೊಳ್ಳಲೆಂದು ಹೆಂಡತಿ ತಂದ ಮೀಟರು, ಹೊದಿಕೆ ಕೂಡ ಬಿಚ್ಚಿಸಿಕೊಳ್ಳದೆ ಬೀರುವಿನಲ್ಲಿ ಹಾಯಾಗಿತ್ತು.

ಸೂಜಿ ತಪ್ಪಿಸಿಕೊಳ್ಳಲು ಅವರು ಮಾಡದ್ದು ಒಂದಿಲ್ಲ. ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದ ಚಹಾವನ್ನು ಸಪ್ಪೆಯಾಗಿ ಕುಡಿದು, ಹರಳೆಣ್ಣೆ ಕುಡಿದವರ ಮುಖ ಮಾಡಿದರು. ಕೇಕು, ಬಿಸ್ಕತ್ತು, ಚಾಕಲೇಟುಗಳ ಕಡೆ ತಿರುಗಿ ನೋಡಲಿಲ್ಲ. ಸಕ್ಕರೆ ಇಳಿಯತೊಡಗಿತು. ಆದರೆ ಇಳಿದಂತೆ ಹೊಸ ಕಾಟ ಶುರುವಾಯಿತು. ಹನ್ನೊಂದು ಗಂಟೆಯಾಗುತ್ತಲೇ ಕೈ ನಡುಗುವುದು, ಬೆವರುವುದು, ಅಕ್ಷರ ಮಂಜಾಗುವುದು, ಕಾರಣವಿಲ್ಲದೆ ಸಿಟ್ಟು ಬರುವುದು.

"ಹೆದರಬೇಡಿ" ಎಂದಿದ್ದರು ಡಾಕ್ಟ್ರಮ್ಮ. "ನಿಮ್ಮ ಮೈ ಮುನ್ನೂರಕ್ಕೆ ಒಗ್ಗಿಹೋಗಿತ್ತು. ದೊಡ್ಡ ಮನೇಲಿದ್ದವರು ಸಣ್ಣ ಮನೆಗೆ ಬಂದ್ರೆ ಗೋಡೆಗೋಡೆಗೂ ಮೊಣಕೈ ತಗಲುತ್ತಲ್ಲ, ಹಾಗೆ. ಸ್ವಲ್ಪ ದಿನಕ್ಕೆ ಸರಿಹೋಗುತ್ತೆ. ನಡುಕ ಬಂದಾಗ ಮೀಟರಲ್ಲಿ ನೋಡಿ. ಎಪ್ಪತ್ತಕ್ಕಿಂತ ಕೆಳಗಿದ್ರೆ ಮಾತ್ರ ಸಿಹಿ ತಗೊಳ್ಳಿ. ಊಟ ಮಾತ್ರ ತಪ್ಪಿಸಬೇಡಿ."

ಆ ಮೂರು ತಿಂಗಳು ಮುಗಿದದ್ದು ಇವತ್ತು. ಸಂಜೆ ಐದು ಗಂಟೆಗೆ ಕ್ಲಿನಿಕ್ಕಿನಲ್ಲಿ ತೀರ್ಮಾನ. ಹಿಂದಿನ ದಿನ ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟು ಬಂದಿದ್ದರೂ, ಸಂಜೆ ಬೆರಳಿಗೆ ಚುಚ್ಚಿದಾಗ ಬರುವ ಲೆಕ್ಕವೇ ಕೊನೆಯದು ಎಂದು ಒತ್ತಪ್ಪನವರು ನಂಬಿದ್ದರು. ಹೆಂಡತಿಯೂ ನೇರವಾಗಿ ಅಲ್ಲಿಗೇ ಬರುವವಳಿದ್ದಳು. ಐದರವರೆಗೆ ಒಂದು ಹರಳು ಸಕ್ಕರೆಯೂ ಬಾಯಿಗೆ ಬೀಳಬಾರದು ಎಂದು ಶಪಥ ಮಾಡಿಕೊಂಡು ಒತ್ತಪ್ಪನವರು ಕನ್ನಡಕ ಒರೆಸಿ ಕೂತರು.

ಹನ್ನೊಂದೂಕಾಲಿಗೆ ಬೈಂಡಿಂಗ್ ಅಕ್ಕ ಚಹಾದ ಲೋಟ ಹಿಡಿದು ಓಡೋಡಿ ಬಂದರು. ಹಿಂದೆಯೇ ಪೇಪರ್ ಕತ್ತರಿಸುವ ಕಟಿಂಗ್ ಅಣ್ಣ, ಅವನ ಹಿಂದೆ ಪ್ರೆಸ್ಸಿನ ಮಾಲೀಕರು.

"ಸಾರ್, ಬೇಗ ಕುಡೀರಿ. ನಾಲ್ಕು ಚಮಚ ಹಾಕಿದ್ದೀನಿ."

"ನಾಲ್ಕು ಚಮಚ ಏನು?"

"ಇನ್ನೇನು, ಸಕ್ಕರೆ! ನಿಮ್ಮ ಮನೆಯವರು ಮಾಲೀಕರಿಗೆ ಫೋನ್ ಮಾಡಿದ್ರಂತೆ. ನಿಮಗೆ ಶುಗರ್ ಕಮ್ಮಿ ಆಗಿದೆಯಂತೆ!"

ಒತ್ತಪ್ಪನವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆಳಿಗ್ಗೆ ಕೈ ನಡುಗಿ ನೀರಿನ ಲೋಟ ಬೀಳಿಸಿದ್ದನ್ನು ಹೆಂಡತಿ ನೋಡಿದ್ದಳು. ಅದಕ್ಕೇ ಹೆದರಿಕೊಂಡು ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ ಎಂದುಕೊಂಡರು.

"ಕಮ್ಮಿ ಆಗಿಲ್ಲಾರೀ! ಹಾಗೆ ಅನ್ನಿಸುತ್ತೆ ಅಷ್ಟೆ. ಮೈ ಒಗ್ಗಬೇಕು ಅಂತ ಡಾಕ್ಟ್ರೇ ಹೇಳಿದ್ದಾರೆ."

"ಕೈ ನೋಡಿ, ಹೇಗೆ ನಡುಗ್ತಿದೆ" ಎಂದರು ಅಕ್ಕ. ಮಾಲೀಕರು ತಮ್ಮ ಫೋನಿನಲ್ಲಿ ಏನನ್ನೋ ಹುಡುಕಿ, ಸಭೆಯಲ್ಲಿ ವರದಿ ಓದುವವರಂತೆ ಗಂಟಲು ಸರಿಮಾಡಿಕೊಂಡರು. "ಶುಗರ್ ಕಮ್ಮಿ ಆದವರ ಲಕ್ಷಣಗಳು. ಒಂದು, ನಡುಕ. ಎರಡು, ಬೆವರು. ಮೂರು, ಸಿಟ್ಟು."

"ನನಗೇನೂ ಸಿಟ್ಟು ಬಂದಿಲ್ಲ!" ಎಂದು ಒತ್ತಪ್ಪನವರು ಮೇಜು ಗುದ್ದಿದರು.

"ಮೂರೂ ಇದೆ" ಎಂದರು ಮಾಲೀಕರು. "ನಾಲ್ಕು, ಗೊಂದಲ."

"ಅದನ್ನ ನಾನು ನೋಡ್ತೀನಿ" ಎಂದು ಕಟಿಂಗ್ ಅಣ್ಣ ಮುಂದೆ ಬಂದು ಬಲಗೈ ಎತ್ತಿ ಹಿಡಿದ. "ಸಾರ್, ಇದು ಎಷ್ಟು ಬೆರಳು, ಹೇಳಿ."

ಅವನು ಎತ್ತಿದ್ದು ಮೂರು ಬೆರಳು. ಆದರೆ ನಡುವಿನದರಲ್ಲಿ ಅರ್ಧವನ್ನು ಕಟಿಂಗ್ ಮಷೀನು ಹತ್ತು ವರ್ಷದ ಹಿಂದೆಯೇ ತೆಗೆದುಕೊಂಡಿತ್ತು. ತಪ್ಪು ಲೆಕ್ಕ ಹೇಳುವುದು ಒತ್ತಪ್ಪನವರ ಜಾಯಮಾನವಲ್ಲ.

"ಎರಡೂವರೆ" ಎಂದರು.

"ಅಯ್ಯೋ ದೇವರೇ!" ಎಂದು ಅಕ್ಕ ಎದೆ ಮುಟ್ಟಿಕೊಂಡರು. "ಪೂರ್ತಿ ತಲೆಗೇರಿದೆ!"

"ಅಕ್ಕಾ, ಕಮ್ಮಿ ಆದದ್ದು ತಲೆಗೆ ಏರೋದು ಹೇಗೆ? ವಾಕ್ಯ ಸರಿಯಾಗಿ ಮಾತಾಡಿ!"

"ನೋಡಿದ್ರಾ, ಇಂಥಾ ಹೊತ್ತಲ್ಲೂ ವಾಕ್ಯ!" ಎಂದು ಅಕ್ಕ ಮಾಲೀಕರ ಕಡೆ ತಿರುಗಿದರು. ಈ ಮನುಷ್ಯ ಇಪ್ಪತ್ತೆರಡು ವರ್ಷದಿಂದ ಎಂಥಾ ಹೊತ್ತಲ್ಲೂ ಹೀಗೇ ಮಾತಾಡುತ್ತ ಬಂದಿದ್ದಾರೆ ಎನ್ನುವುದು ಆ ಕ್ಷಣಕ್ಕೆ ಯಾರ ನೆನಪಿಗೂ ಬರಲಿಲ್ಲ.

ಹೇಗೋ ಲೋಟವನ್ನು ದೂರ ತಳ್ಳಿ, ಕೆಲಸ ಇದೆಯೆಂದು ಗದರಿ, ಮೂವರನ್ನೂ ಸಾಗಹಾಕಿದರು. ಆದರೆ ಅರ್ಧ ಗಂಟೆಯೂ ಕಳೆದಿರಲಿಲ್ಲ, ಮಾಲೀಕರು ಒಂದು ಹಾಳೆ ಹಿಡಿದು ಮತ್ತೆ ಬಂದರು. ಈ ಸಲ ಮುಖದಲ್ಲಿ ನಿಜವಾದ ಗಾಬರಿ ಇತ್ತು.

"ಸಾರ್, ಬೆಳಿಗ್ಗೆ ಇದಕ್ಕೆ ಸರಿ ಇದೆ ಅಂತ ಸಹಿ ಹಾಕಿದ್ದು ನೀವೇನಾ?"

ಯಾವುದೋ ಸಂಘದ ನೋಟಿಸು. ಒತ್ತಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ತಂದು, ಹಿಂದೆ ಸರಿಸಿ, ಒಂದು ಕಣ್ಣು ಮುಚ್ಚಿ ಓದಿದರು: 'ನಮ್ಮ ಸಂಘದ ಮಾಜಿ ಅಧ್ಯಕ್ಷರ ನಿಧನಕ್ಕೆ ಸಂತೋಷಸೂಚಕ ಸಭೆ.'

ಸಂತಾಪ ಎಂದಿರಬೇಕಾದ ಕಡೆ ಸಂತೋಷ! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇಂಥದ್ದು ಅವರ ಕಣ್ಣು ತಪ್ಪಿಸಿಕೊಂಡು ಹೋಗಿತ್ತು. ಸಕ್ಕರೆ ಇಳಿಯುವಾಗ ಕಣ್ಣಿಗೂ ಒಗ್ಗಲು ಸಮಯ ಬೇಕು, ಕನ್ನಡಕ ಈಗಲೇ ಬದಲಿಸಬೇಡಿ ಎಂದು ಡಾಕ್ಟ್ರಮ್ಮ ಹೇಳಿದ್ದರು. ಆದರೂ ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂತು.

"ಅಳ್ತಿದ್ದಾರೆ. ಅದು ಐದನೇದು" ಎಂದರು ಮಾಲೀಕರು, ಫೋನು ನೋಡಿಕೊಂಡು.

ಅಲ್ಲಿಂದ ಮುಂದೆ ಇಡೀ ಪ್ರೆಸ್ಸು ಅವರ ಜೀವ ಉಳಿಸಲು ಟೊಂಕ ಕಟ್ಟಿ ನಿಂತಿತು. ಕಟಿಂಗ್ ಅಣ್ಣ ಗ್ಲೂಕೋಸ್ ಪುಡಿ ತಂದು ಅವರ ನೀರಿನ ಬಾಟಲಿಗೆ ಸುರಿದ. ಮಾಲೀಕರು ಜೇಬಿನಿಂದ ಚಾಕಲೇಟು ತೆಗೆದು, ಸಿಪ್ಪೆ ಸುಲಿದು, ಅವರ ಬಾಯಿಯ ಎದುರು ಹಿಡಿದು ನಿಂತರು. ಬಾಯಿ ತೆರೆದರೆ ಒಳಗೆ ಹೋಗುತ್ತದೆಂದು ಒತ್ತಪ್ಪನವರು ತುಟಿ ಬಿಗಿದು, ಬೇಡ ಎನ್ನುವುದನ್ನು ಕೆಂಪು ಪೆನ್ನಿನಲ್ಲಿ ಬರೆದು ತೋರಿಸಿದರು. "ಮಾತೂ ನಿಂತುಹೋಯ್ತು!" ಎಂದು ಅಕ್ಕ ಕಿರುಚಿದರು.

ಊಟದ ಹೊತ್ತಿಗೆ ಡಬ್ಬಿ ತೆರೆದರೆ, ಹೆಂಡತಿ ಕಟ್ಟಿಕೊಟ್ಟಿದ್ದ ಬೇಯಿಸಿದ ತರಕಾರಿ, ಮೊಟ್ಟೆ ಎರಡೂ ಮಾಯ. ಅಲ್ಲಿದ್ದದ್ದು ಬೆರಳು ದಪ್ಪ ಜಾಮ್ ಬಳಿದ ನಾಲ್ಕು ತುಂಡು ಬ್ರೆಡ್ಡು.

"ನನ್ನ ಊಟ ಎಲ್ಲಿ?"

"ಆ ಸೊಪ್ಪುಸದೆ ತಿಂದೇ ನಿಮಗೆ ಹೀಗಾಗಿರೋದು" ಎಂದರು ಅಕ್ಕ, ಮಮತೆಯಿಂದ. "ನಾನೇ ತಿಂದುಬಿಟ್ಟೆ. ನನ್ನ ತಮ್ಮ ಅಂದ್ಕೊಂಡು ಹೇಳ್ತೀನಿ ಸಾರ್, ಹಠ ಮಾಡಬೇಡಿ. ಒಂದೇ ಒಂದು ತುತ್ತು."

ಜಾಮು ಕೆಂಪಗೆ ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಒತ್ತಪ್ಪನವರ ಬಾಯಲ್ಲಿ ನೀರೂರಿತು. ಮೂರು ತಿಂಗಳಿನಿಂದ ಅವರ ಕನಸಿನಲ್ಲಿ ಬರುತ್ತಿದ್ದುದು ಹೆಂಡತಿಯೂ ಅಲ್ಲ, ದೇವರೂ ಅಲ್ಲ, ಜಾಮು. ಇಷ್ಟು ಜನ ಇಷ್ಟು ಪ್ರೀತಿಯಿಂದ ಬೇಡಿಕೊಳ್ಳುತ್ತಿರುವಾಗ ತಿಂದರೆ ಯಾರ ಗಂಟು ಹೋಗುತ್ತದೆ ಎಂದು ಮನಸ್ಸು ಪಿಸುಗುಟ್ಟಿತು. ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು. ಅಷ್ಟರಲ್ಲಿ ಕಣ್ಣೆದುರು ಸೂಜಿ ಬಂತು, ಉದ್ದನೆಯ, ತಣ್ಣಗಿನ, ದಿನಾ ಬೆಳಗಾದರೆ ಕಾದು ನಿಲ್ಲುವ ಸೂಜಿ. ಒತ್ತಪ್ಪನವರು ಎದ್ದವರೇ ಓಟ ಕಿತ್ತರು.

ಪೇಪರ್ ಗೋದಾಮಿನ ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಂಡು, ರೀಮುಗಳ ಸಂದಿಯಲ್ಲಿ ಕೂತರು. ಹೊರಗೆ ಒಂದು ಗಂಟೆ ಬಾಗಿಲು ಬಡಿತ, ಬುದ್ಧಿಮಾತು, ಅಳು ಎಲ್ಲ ನಡೆಯಿತು. "ಸಾರ್, ಸಂತೋಷ ಅಂತಾನೇ ಇರಲಿ, ತಿದ್ದೋದೂ ಬೇಡ, ಹೊರಗೆ ಬನ್ನಿ!" ಎಂದು ಮಾಲೀಕರು ಗೋಗರೆದರು. ಒತ್ತಪ್ಪನವರು ಕಾಗದದ ಕಟ್ಟೊಂದನ್ನು ಬಾಗಿಲಿಗೆ ಅಡ್ಡ ತಳ್ಳಿದರು. ಹೊಟ್ಟೆ ತಾಳ ಹಾಕುತ್ತಿತ್ತು. ಮಧ್ಯಾಹ್ನದ ಮಾತ್ರೆಯನ್ನು ಮಾತ್ರ ಮರೆಯದೆ, ಜೇಬಿನಿಂದ ತೆಗೆದು, ನೀರಿಲ್ಲದೆ ನುಂಗಿದರು. ಊಟ ಮಾಡದಿದ್ದರೆ ಸಕ್ಕರೆ ಇನ್ನೂ ಇಳಿಯುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡರು.

ನಾಲ್ಕು ಗಂಟೆಗೆ ಹಿತ್ತಲ ಕಿಟಕಿಯಿಂದ ಇಳಿದರು. ಶಾಲೆಯ ಕಿಟಕಿ ಹಾರಿದಾಗ ಇದ್ದ ಚುರುಕು ಈಗ ಇರಲಿಲ್ಲ, ಅಂಗಿಯ ತೋಳು ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಆಟೋ ಹಿಡಿಯಬಹುದಿತ್ತು. ಆದರೆ ನಡೆದರೆ ಇನ್ನೂ ಇಳಿಯುತ್ತದಲ್ಲ! ಎರಡು ಮೈಲಿ ಬಿರಬಿರನೆ ನಡೆದರು. ಕಾಲು ಒಂದು ಕಡೆ, ಮೈ ಒಂದು ಕಡೆ ಹೋಗುತ್ತಿತ್ತು. ದೀಪದ ಕಂಬವೊಂದಕ್ಕೆ ಡಿಕ್ಕಿ ಹೊಡೆದು "ಕ್ಷಮಿಸಿ" ಎಂದರು. ಮೈ ಒಗ್ಗುತ್ತಿದೆ, ಬೇರೇನಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಕ್ಲಿನಿಕ್ಕು ತಲುಪಿದಾಗ ಅಂಗಿ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಅವರ ಮುಖ ನೋಡಿದ್ದೇ ನರ್ಸಮ್ಮ ಹೆಸರು, ಸರದಿ ಯಾವುದನ್ನೂ ಕೇಳದೆ ಕೂರಿಸಿ ಬೆರಳಿಗೆ ಚುಚ್ಚಿದರು. ಒತ್ತಪ್ಪನವರು ಕಣ್ಣು ಮುಚ್ಚಿ ಹಲ್ಲು ಕಚ್ಚಿದರು. ಇದೇ ಕೊನೆಯ ಸೂಜಿ, ಇನ್ನು ಜನ್ಮದಲ್ಲಿ ಇಲ್ಲ.

"ಐವತ್ತೊಂದು!" ಎಂದರು ನರ್ಸಮ್ಮ. ಡಾಕ್ಟ್ರಮ್ಮ ಓಡಿಬಂದರು.

"ಶುಗರ್ ತುಂಬಾ ಕಮ್ಮಿ ಆಗಿದೆ ಕಣ್ರೀ!"

"ಆಗಿದೆ ಅಲ್ವಾ ಮೇಡಂ!" ಒತ್ತಪ್ಪನವರಿಗೆ ಆನಂದ ತಡೆಯಲಾಗಲಿಲ್ಲ. ಮೂರು ತಿಂಗಳ ತಪಸ್ಸು ಫಲಿಸಿತ್ತು. ಎದ್ದು ಡಾಕ್ಟ್ರಮ್ಮನ ಕೈ ಕುಲುಕಲು ಹೋಗಿ, ಪಕ್ಕದ ಕೋಟು ಹಾಕುವ ಗೂಟವನ್ನು ಹಿಡಿದು ಕುಲುಕಿದರು. "ಹಾಗಾದ್ರೆ ಇಂಜೆಕ್ಷನ್ ಇಲ್ಲ!"

"ಅದು ಆಮೇಲೆ. ಮೊದಲು ಈ ಸಕ್ಕರೆ ನೀರು ಕುಡೀರಿ, ಬೇಗ."

ಒತ್ತಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. ಬೆಳಿಗ್ಗೆಯಿಂದ ಕಂಡ ಲೋಟ, ಚಮಚ, ಪುಡಿ, ಜಾಮು ಎಲ್ಲ ಕಣ್ಣ ಮುಂದೆ ಗಿರ್ರನೆ ತಿರುಗಿದವು.

"ನಿಮಗೂ ಫೋನ್ ಮಾಡಿದ್ರಾ ಆ ಪ್ರೆಸ್ಸಿನವರು? ಇದನ್ನ ಕುಡಿಸಿ, ಇನ್ನೊಂದ್ಸಲ ಅಳೆದು, ಜಾಸ್ತಿ ಅಂತ ಹೇಳಿ ಚುಚ್ಚೋಕೆ ತಾನೇ? ನಾನು ಕುಡಿಯಲ್ಲ!"

ಬಾಯಿಗೆ ಹಿಡಿದ ಲೋಟವನ್ನು ಕೈಯಿಂದ ತಟ್ಟಿಬಿಟ್ಟರು. ನೀರೆಲ್ಲ ಡಾಕ್ಟ್ರಮ್ಮನ ಕೋಟಿನ ಮೇಲೆ. ಇನ್ನೊಂದು ಲೋಟ ತಂದರೆ ಕುಡಿಸಿದ್ದನ್ನು ಫುರ್ರನೆ ಉಗಿದರು. ಮೂರನೆಯದು ಬರುವಷ್ಟರಲ್ಲಿ ನೆಲಕ್ಕೆ ಬೀಳಲಿದ್ದವರನ್ನು ಇಬ್ಬರು ಹಿಡಿದು ಮಂಚದ ಮೇಲೆ ಮಲಗಿಸಿದರು. ಡಾಕ್ಟ್ರಮ್ಮ ಕೇಳಿದ್ದಕ್ಕೆಲ್ಲ, ಊಟ ಇಲ್ಲ, ಮಾತ್ರೆ ನುಂಗಿದೆ, ನಡೆದೇ ಬಂದೆ ಎಂದು ಅರೆಎಚ್ಚರದಲ್ಲಿ ಬಡಬಡಿಸಿದರು.

ಕಣ್ಣು ಅರ್ಧ ತೆರೆದಾಗ ಹೆಂಡತಿ ತಲೆಯ ಹತ್ತಿರ ನಿಂತು ಸೆರಗಿನಿಂದ ಅವರ ಬೆವರು ಒರೆಸುತ್ತಿದ್ದಳು. ಬೈಯುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

"ಏನ್ರೀ ಇದು ನಿಮ್ಮ ಅವತಾರ? ಹೊಟ್ಟೆಗೆ ಏನೂ ತಿಂದಿಲ್ವಂತೆ! ಬೆಳಿಗ್ಗೆನೇ ನಾನು ಹೇಳಿ ಕಳಿಸಿದ್ದೆನಲ್ಲ?"

"ಏನಂತ?"

"ನೀವು ಫೋನು ಮರೆತು ಹೋಗಿದ್ರಿ. ಹತ್ತೂವರೆಗೆ ಡಾಕ್ಟ್ರಮ್ಮನೇ ಫೋನ್ ಮಾಡಿದ್ರು. ನಿನ್ನೆ ಕೊಟ್ಟ ರಕ್ತದ ರಿಪೋರ್ಟು ಬಂತಂತೆ, ಮೂರು ತಿಂಗಳದ್ದು ಒಟ್ಟಿಗೇ ಹೇಳುತ್ತಂತಲ್ಲ, ಅದು. ಶುಗರ್ ಚೆನ್ನಾಗಿ ಕಮ್ಮಿ ಆಗಿದೆ, ಇಂಜೆಕ್ಷನ್ ಬೇಕಾಗೇ ಇಲ್ಲ ಅಂದ್ರು. ನನಗೆ ಎಷ್ಟು ಖುಷಿ ಆಯ್ತು ಅಂತೀರಿ! ತಕ್ಷಣ ನಿಮ್ಮ ಮಾಲೀಕರಿಗೆ ಫೋನ್ ಮಾಡಿ, ಅವರ ಶುಗರ್ ಕಮ್ಮಿ ಆಗಿದೆ, ಮೊದಲು ಅವರಿಗೆ ತಿಳಿಸಿ ಅಂದೆ. ಅವರೇನೋ ಅಯ್ಯಯ್ಯೋ ಅಂತ ಫೋನ್ ಇಟ್ಟುಬಿಟ್ರು. ಖುಷಿಗೆ ಹಾಗಂದ್ರು ಅಂದ್ಕೊಂಡೆ."



"ಇವತ್ತು ನೀವು ಒಂದು ಲೋಟ ಸಿಹಿ ಚಹಾ ಕುಡಿದಿದ್ರೂ ಆ ರಿಪೋರ್ಟು ಕೂದಲಷ್ಟೂ ಅಲ್ಲಾಡ್ತಿರಲಿಲ್ಲ" ಎಂದರು ಡಾಕ್ಟ್ರಮ್ಮ, ಒದ್ದೆ ಕೋಟನ್ನು ಬಿಚ್ಚುತ್ತ. "ಆದ್ರೆ ಊಟ ಬಿಟ್ಟು ಮಾತ್ರೆ ನುಂಗಿ ಎರಡು ಮೈಲಿ ನಡೆದ್ರಲ್ಲ, ಅದಕ್ಕೇ ಈಗ ನಿಜವಾಗ್ಲೂ ಕಮ್ಮಿ ಆಗಿರೋದು. ನರ್ಸಮ್ಮ, ಗ್ಲೂಕೋಸು ನರಕ್ಕೇ ಹಾಕಿ."

ನರಕ್ಕೆ ಎಂಬ ಮಾತು ಒತ್ತಪ್ಪನವರಿಗೆ ನರಕಕ್ಕೆ ಎಂದೇ ಕೇಳಿಸಿತು. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದದ್ದು ಆಗ ಗೊತ್ತಾಯಿತು.

"ಬೇಡ ಮೇಡಂ! ಕೊಡಿ, ಕುಡೀತೀನಿ! ಎರಡು ಲೋಟ ಕೊಡಿ! ಜಾಮ್ ಇದ್ರೂ ಕೊಡಿ!" ಎಂದು ಅವರು ತೊದಲಿದರು.

"ಕಣ್ಣು ತೇಲ್ತಿದೆ, ನಾಲಿಗೆ ತೊದಲ್ತಿದೆ. ಈಗ ಬಾಯಿಗೆ ಹಾಕಿದ್ರೆ ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಕೊಟ್ಟಾಗ ಉಗಿದ್ರಲ್ಲ, ಈಗ ಸುಮ್ಮನೆ ಮಲಗಿ."

ಒತ್ತಪ್ಪನವರು ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಚುಚ್ಚಿತು. ಒಂದು ಕ್ಷಣ ಪ್ರಾಣವೇ ಹೋಯಿತೆನಿಸಿತು. ಆಮೇಲೆ, ಮುಗಿಯಿತಲ್ಲ, ಸದ್ಯ ಮುಗಿಯಿತಲ್ಲ ಎಂದು ನಿಧಾನಕ್ಕೆ ಉಸಿರು ಬಿಟ್ಟರು.

ನರ್ಸಮ್ಮ ಅವರ ತೋಳನ್ನು ಎರಡು ಸಲ ತಟ್ಟಿ, ಬಗ್ಗಿ ನೋಡಿ, ನಾಲಿಗೆ ಲೊಚಗುಟ್ಟಿದರು.

"ಇದರಲ್ಲಿ ನರ ಸಿಗ್ತಿಲ್ಲ. ಆ ಕೈ ಕೊಡಿ ಸಾರ್."