ಕಾಕಾ ಬರುವ ಹೊತ್ತಿಗೆ ಮುಚ್ಚುವ ವಾಲ್ವು

ನನ್ನನ್ನು ಊರಿನಲ್ಲಿ ಬಹಳ ಮರ್ಯಾದಸ್ಥ ಎನ್ನುತ್ತಾರೆ. ಒಳಗಿನ ಸಂಗತಿ ಬೇರೆ ಇದೆ. ದೊಡ್ಡವರ ಎದುರು ಬಾಯಿ ತೆರೆಯಲು ನನಗೆ ಧೈರ್ಯವಿಲ್ಲ, ಅಷ್ಟೇ. ಧೈರ್ಯವಿಲ್ಲದವನು ಸುಮ್ಮನೆ ನಿಂತರೆ ನೋಡುವವರಿಗೆ ವಿನಯದಂತೆ ಕಾಣುತ್ತದೆ. ಆ ತಪ್ಪು ತಿಳಿವಳಿಕೆಯನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ. ನಮ್ಮೂರ ಕಟಿಂಗ್ ಅಂಗಡಿಯವರು ನನ್ನ ತಲೆಗೂದಲನ್ನು ಎಷ್ಟೋ ವರ್ಷಗಳಿಂದ ತಮಗೆ ಬೇಕಾದಂತೆ ಕತ್ತರಿಸುತ್ತಿದ್ದಾರೆ. ಕಿವಿಯ ಮೇಲೆ ಇನ್ನೊಂದಿಷ್ಟು ಕೂದಲು ಬಿಡಿ ಎಂದು ಹೇಳಬೇಕೆಂದು ಪ್ರತಿ ಸಲ ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗುತ್ತೇನೆ. ಕುರ್ಚಿಯಲ್ಲಿ ಕುಳಿತ ಮೇಲೆ ಅವರು "ಹೆಂಗ ಮಾಡ್ಲಿರಿ?" ಎಂದು ಕೇಳುತ್ತಾರೆ, ನಾನು "ನಿಮಗ ತಿಳಿದಂಗ ಮಾಡ್ರಿ" ಎನ್ನುತ್ತೇನೆ. ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತು ನೋಡಿ, "ಈ ಸಲಾನೂ ಅವರಿಗೆ ತಿಳಿದಂಗ ಮಾಡಿಸಿಕೊಂಡ ಬಂದ್ರಿ" ಎಂದು ಒಳಗೆ ಹೋಗುತ್ತಾಳೆ. ಕೂದಲಾದರೆ ಮತ್ತೆ ಬೆಳೆಯುತ್ತದೆ. ನಾನು ಹೇಳಹೊರಟಿರುವುದು ಕರೆಂಟಿನ ವಿಷಯ, ಅದು ಹೋದರೆ ಹೋದಂತೆಯೇ.

ಶಿರಹಟ್ಟಿಯಿಂದ ಮಾಗಡಿಯ ಕಡೆಗೆ ಹೋಗುವ ಹಾದಿಯ ಒಂದು ಊರಿನಲ್ಲಿ ನಾನು ಪಂಚಾಯಿತಿಯ ನೀರು ಬಿಡುವ ಕೆಲಸ ಮಾಡುತ್ತೇನೆ. ಕಾಗದದ ಮೇಲೆ ನನ್ನ ಹುದ್ದೆ ಪಂಪ್ ಆಪರೇಟರ್. ನಳದ ಮುಂದೆ ಕೊಡ ಇಟ್ಟುಕೊಂಡು ನಿಂತವರ ಬಾಯಲ್ಲಿ ಅದರ ಹೆಸರು ಆ ದಿನ ನೀರು ಎಷ್ಟು ಬಂತು ಎನ್ನುವುದರ ಮೇಲೆ ಬದಲಾಗುತ್ತಿರುತ್ತದೆ. ಮೊದಲು ಊರಿಗೆ ಬೋರ್‌ವೆಲ್ ನೀರಿತ್ತು. ಈಗ ಕೆಲವು ವರ್ಷಗಳಿಂದ ಹೊಳೆಯ ನೀರು ದೊಡ್ಡ ಪೈಪಿನಲ್ಲಿ ಬಂದು ನೆಲದೊಳಗಿನ ಸಂಪ್ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಮೋಟರ್ ಹಚ್ಚಿ ಎತ್ತರದ ಟಾಕಿಗೆ ಏರಿಸುವುದು, ಟಾಕಿ ತುಂಬಿದ ಮೇಲೆ ಓಣಿ ಓಣಿಗೆ ಸರದಿಯಂತೆ ಬಿಡುವುದು ನನ್ನ ಕೆಲಸ.

ಈ ಕೆಲಸ ನನಗೆ ಕಲಿಸಿದವರು ಮಾಬುಸಾಬ ಕಾಕಾ. ನನಗಿಂತ ಮೊದಲು ಅದೇ ಪಂಪ್‌ಹೌಸನ್ನು ಮನೆಯಂತೆ ನೋಡಿಕೊಂಡವರು. ಆಗ ನಾನು ಲಕ್ಷ್ಮೇಶ್ವರದ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿ ಹಾಕಿಹೋದ ಸೀರೆಗಳನ್ನು ಮಡಚುತ್ತಿದ್ದೆ. ಅವರು ರಿಟೈರ್ ಆಗುವ ಹೊತ್ತಿಗೆ ಪಂಚಾಯಿತಿಯವರ ಮುಂದೆ, "ಈರಣ್ಣನ ಕೈ ಸಮಾಧಾನದ್ದೈತ್ರಿ. ವಾಲ್ವು ಇಂಥವರ ಕೈಯಾಗಿರಬೇಕು" ಎಂದು ಹೇಳಿ ನನಗೆ ಕೆಲಸ ಕೊಡಿಸಿದರು. ಇವತ್ತು ನನ್ನ ಮನೆಯಲ್ಲಿ ಒಲೆ ಉರಿಯುತ್ತಿರುವುದು ಆ ಒಂದು ಮಾತಿನಿಂದ. ಕಲಿಸುವಾಗ ಅವರು ಒತ್ತಿ ಹೇಳಿದ್ದು ಮೋಟರಿನಿಂದ ಟಾಕಿಗೆ ಹೋಗುವ ಪೈಪಿನ ವಾಲ್ವಿನ ವಿಷಯ. ಅದನ್ನು ಅರ್ಧ ಮುಚ್ಚಬೇಕು ಎಂದು. ಹನ್ನೊಂದು ವರ್ಷ ನಾನು ಅದನ್ನು ವ್ರತದಂತೆ ನಡೆಸಿಕೊಂಡು ಬಂದೆ. ವಾಲ್ವಿನ ಚಕ್ರಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದೆ. ಬೀಗರ ಮನೆಗೆ ಹೋಗಬೇಕಾಗಿ ಬಂದಾಗ ನನ್ನ ಬದಲಿಗೆ ಬಂದವರಿಗೆ ಆ ಗುರುತು ತೋರಿಸಿ, ಇದನ್ನು ಮಾತ್ರ ದಾಟಬೇಡಿ ಎಂದು ಕೈಮುಗಿದು ಹೇಳಿ ಹೋಗುತ್ತಿದ್ದೆ.

ಕಳೆದ ಚಳಿಗಾಲದಲ್ಲಿ, ಮಾಗಡಿ ಕೆರೆಗೆ ಹಕ್ಕಿಗಳು ಬಂದಿಳಿಯುವ ದಿನಗಳಲ್ಲಿ, ಪಿಡಿಒ ಸಾಹೇಬರು ನನ್ನನ್ನು ಕರೆಸಿ ಪಂಪ್‌ಹೌಸಿನ ಕರೆಂಟ್ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದರು. ಇಷ್ಟು ಕರೆಂಟು ಸುಟ್ಟರೆ ಪಂಚಾಯಿತಿಗೆ ತಡೆಯಲಾಗದು, ಹೀಗೇ ಆದರೆ ಮೂರು ದಿನಕ್ಕೊಮ್ಮೆ ಬಿಡುವ ನೀರನ್ನು ಐದು ದಿನಕ್ಕೊಮ್ಮೆ ಬಿಡಬೇಕಾಗುತ್ತದೆ ಎಂದರು. ಈ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಮನೆ ಮುಟ್ಟಿತ್ತು. ಗಿರಿಜಾ ರೊಟ್ಟಿ ಬಡಿಯುತ್ತಲೇ, "ಮನ್ಯಾಗ ನಾ ಒಂದ ಲೈಟ್ ಹೆಚ್ಚಿಗಿ ಹಚ್ಚಿದ್ರ ಭಾಷಣ ಮಾಡ್ತೀರಿ. ಊರ ಕರೆಂಟೆಲ್ಲಾ ನಿಮ್ಮ ಪಂಪ್‌ಹೌಸ್‌ನ್ಯಾಗ ಹೊಂಟೈತಂತ" ಎಂದಳು. ಅವತ್ತು ರೊಟ್ಟಿಯ ಬಡಿತ ಸ್ವಲ್ಪ ಜೋರಾಗಿಯೇ ಇತ್ತು.

ಆ ವಾರವೇ ಗದಗಿನಿಂದ ಒಬ್ಬ ಎಂಜಿನಿಯರ್ ಮೇಡಂ ಬಂದರು. ಸಣ್ಣ ವಯಸ್ಸು, ಮಾತು ಕಡಿಮೆ. ಅವರು ಮೋಟರಿನ ಸುತ್ತ ಒಂದು ಸುತ್ತು ಬಂದು, ನೇರವಾಗಿ ನನ್ನ ಕೆಂಪು ಗುರುತಿನ ಮುಂದೆ ನಿಂತರು.

"ಇದ್ಯಾಕ ಅರ್ಧ ಮುಚ್ಚೀರಿ?"

"ಮೊದಲಿಂದ ಹಂಗ ಐತ್ರಿ."

"ಮೊದಲಿಂದ ಅಂದ್ರ?"

"ನಾ ಬರೂಕಿಂತ ಮೊದಲಿಂದ್ರಿ" ಎಂದೆ. ಕಾಕಾನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಮೇಡಂ ವಾಲ್ವನ್ನು ಪೂರ್ತಿ ತೆರೆಯಿಸಿದರು. ಹನ್ನೊಂದು ವರ್ಷ ತಿರುಗದ ಚಕ್ರ ಕಿರ್ರೆಂದಿತು, ನನ್ನ ಎದೆಯೂ ಸ್ವಲ್ಪ ಹಾಗೇ ಅಂದಿತು. ಗೋಡೆಯ ಮೇಲಿನ ಮೀಟರಿನ ಮುಳ್ಳು ತುಸು ಮೇಲಕ್ಕೆ ಸರಿಯಿತು. ನನಗೆ ಒಳಗೊಳಗೇ ಖುಷಿಯಾಯಿತು. "ನೋಡ್ರಿ, ತೆಗದ್ರ ಕರೆಂಟ್ ಹೆಚ್ಚಿಗಿ ಎಳಿತೈತಿ" ಎಂದೆ. ಅವರು ನಗಲಿಲ್ಲ. "ಸ್ವಲ್ಪ ಹೆಚ್ಚಿಗಿ ಎಳಿತೈತಿ. ಆದ್ರ ನೀರು ಭಾಳ ಹೆಚ್ಚಿಗಿ ಹೋಗತೈತಿ, ಟಾಕಿ ಜಲ್ದಿ ತುಂಬತೈತಿ. ನೀವು ಇಷ್ಟು ವರ್ಷ ಗಾಡಿಗೆ ಬ್ರೇಕ್ ಒತ್ತಿ ಹಿಡಕೊಂಡು ಎಕ್ಸಿಲರೇಟರ್ ಕೊಟ್ಟಂಗ ಆಗೇತಿ" ಎಂದರು. ಮಧ್ಯಾಹ್ನ ಎರಡಕ್ಕೆ ಹಚ್ಚಿದರೆ ಎಂಟರವರೆಗೆ ಒದ್ದಾಡುತ್ತಿದ್ದ ಮೋಟರು ಅವತ್ತು ಆರಕ್ಕೇ ಟಾಕಿ ತುಂಬಿಸಿ ಸುಮ್ಮನಾಯಿತು. ಹಾಗೆಯೇ ನಡೆಸಿಕೊಂಡು ಹೋದರೆ ನೀರಿನ ಸರದಿ ಐದು ದಿನಕ್ಕೆ ಹೋಗುವ ಪ್ರಸಂಗವೇ ಬರುವುದಿಲ್ಲ ಎಂದು ಹೇಳಿ ಮೇಡಂ ಹೊರಟುಹೋದರು. ಎಷ್ಟು ಸುಲಭದ ಕೆಲಸ ನೋಡಿ. ಖರ್ಚಿಲ್ಲ, ಸಾಮಾನು ಬೇಕಿಲ್ಲ, ಒಂದು ಚಕ್ರ ತಿರುಗಿಸಿದರೆ ಆಯಿತು.

ಅಡಚಣೆ ಇದ್ದದ್ದು ಸಂಜೆ ನಾಲ್ಕೂವರೆಗೆ. ಕಾಕಾ ರಿಟೈರ್ ಆದ ಮೇಲೂ ದಿನಾ ಆ ಹೊತ್ತಿಗೆ ನಮಾಜು ಮುಗಿಸಿಕೊಂಡು ಪಂಪ್‌ಹೌಸಿಗೆ ಬರುತ್ತಾರೆ. ಬಾಗಿಲ ಪಕ್ಕದ ಕಬ್ಬಿಣದ ಕುರ್ಚಿ ಅವರದು, ನಾನು ಅದರ ಮೇಲೆ ಕೂರುವುದಿಲ್ಲ. ಅದು ವಾಲ್ವಿಗೆ ಸರಿಯಾಗಿ ಎದುರಿಗಿದೆ. ನಾನು ಚಹಾ ಕಾಸಿಕೊಡುತ್ತೇನೆ. ಅವರು ಕುಡಿಯುತ್ತ ಊರಿನ ಖಬರು ಕೇಳುತ್ತ, ವಾಲ್ವಿನ ಕಡೆಯೇ ಮುಖ ಮಾಡಿ, ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಾಗುವವರೆಗೆ ಕೂರುತ್ತಾರೆ. ಅಂಥವರ ಕಣ್ಣೆದುರು, ಅವರು ಹೇಳಿಕೊಟ್ಟ ಒಂದೇ ಒಂದು ಮುಖ್ಯ ಮಾತನ್ನು ಮುರಿದು, ವಾಲ್ವನ್ನು ಪೂರ್ತಿ ತೆರೆದಿಟ್ಟುಕೊಂಡು ನಾನು ಚಹಾ ಸೋಸುವುದು ಹೇಗೆ? ನೀವು ಕಲಿಸಿದ್ದು ತಪ್ಪಾಗಿತ್ತು, ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಬಂದು ತಿದ್ದಿ ಹೋದಳು ಎಂದು ಯಾವ ಬಾಯಿಂದ ಹೇಳುವುದು?

ನಾನು ಹೇಳಲಿಲ್ಲ. ಗೇಟಿನ ಹತ್ತಿರ ಅವರ ಕೋಲಿನ ಸಪ್ಪಳ ಕೇಳಿದ ಕೂಡಲೇ ಎದ್ದು ಹೋಗಿ ವಾಲ್ವನ್ನು ಕೆಂಪು ಗುರುತಿಗೆ ತಂದು ನಿಲ್ಲಿಸುತ್ತಿದ್ದೆ. ಅವರು ಹೋಗಿ ಗೇಟು ಹಾಕಿದ ಸಪ್ಪಳ ಕೇಳಿದ ಮೇಲೆ ಮತ್ತೆ ಪೂರ್ತಿ ತೆರೆಯುತ್ತಿದ್ದೆ. ಮೊದಲ ದಿನ ಎರಡೂ ಕೈ ಹಚ್ಚಬೇಕಾಯಿತು. ಆಮೇಲೆ ರೂಢಿಯಾಯಿತು, ಒಂದು ಕೈಯಲ್ಲಿ ಚಹಾದ ಪಾತ್ರೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುವಷ್ಟು ಪಳಗಿದೆ. ಗಿರಿಜಾಗೆ ಹೇಳಿದಾಗ ಅವಳು ನನ್ನ ಮುಖ ನೋಡಿ, "ಹೇಳಿಬಿಡ್ರಿ. ಅವರೇನ ನಿಮ್ಮನ್ನ ಹೊಡಿತಾರೇನ?" ಎಂದಳು. ಹೊಡೆಯುವುದಿಲ್ಲ ಎನ್ನುವುದೇ ಕಷ್ಟ. ಹೊಡೆಯುವವರಾಗಿದ್ದರೆ ಹೇಳಿ, ಎರಡೇಟು ತಿಂದು ಕೆಲಸ ಮುಗಿಸಬಹುದಿತ್ತು. ಅವರು "ಹೌದೇನ?" ಎಂದು ಕುರ್ಚಿಯಿಂದ ಎದ್ದು ಹೋಗಿ ಮರುದಿನದಿಂದ ಬರದೇ ಇದ್ದರೆ? ಆ ಖಾಲಿ ಕುರ್ಚಿಯ ಜೊತೆ ನಾನು ದಿನಾ ಸಂಜೆ ಕೂರಬೇಕಲ್ಲ. ಮೂರು ಸಲ ಬಾಯಿ ತೆರೆದೆ. ಒಮ್ಮೆ ಅದು ಅವರ ಮೊಮ್ಮಗಳ ಪರೀಕ್ಷೆ ವಿಚಾರಿಸುವುದರಲ್ಲಿ ಮುಗಿಯಿತು, ಒಮ್ಮೆ ಒಣಮೆಣಸಿನಕಾಯಿಯ ರೇಟಿನಲ್ಲಿ. ಮೂರನೆಯ ಸಲ "ಕಾಕಾ, ಈ ವಾಲ್ವು ಐತಲ್ಲ" ಎನ್ನುವವರೆಗೆ ಬಂದೆ. ಅವರು "ಹೂಂ, ಅದಕ್ಕೇನಾತು?" ಎಂದರು. "ಏನಿಲ್ರಿ, ಗ್ರೀಸ್ ಹಚ್ಚಬೇಕು" ಎಂದು ಹೇಳಿ, ಹೇಳಿದ ತಪ್ಪಿಗೆ ಅವರೆದುರಿಗೇ ಕೂತು ಗ್ರೀಸ್ ಹಚ್ಚಿದೆ. ಅದರಿಂದ ಚಕ್ರ ಇನ್ನೂ ಹಗುರಾಗಿ ತಿರುಗತೊಡಗಿತು.

ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. ಅವರು ಬಂದುಹೋದಾಗ ಪೈಪಿಗೆ ಕೂಡಿಸಿದ ಹೊಸ ಮೀಟರಿನಲ್ಲಿ ಎಷ್ಟು ನೀರು ಹೋಯಿತು ಎನ್ನುವುದು ಗಳಿಗೆ ಗಳಿಗೆಗೂ ದಾಖಲಾಗುತ್ತದೆಯಂತೆ, ಅವರು ಗದಗಿನಲ್ಲೇ ಕೂತು ನೋಡುತ್ತಾರಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. "ಬಿಲ್ ಇಳದೈತಿ, ಆದ್ರ ಲೆಕ್ಕದ ಪ್ರಕಾರ ಇಳದಿಲ್ಲ. ದಿನಾ ನಾಲ್ಕೂವರಿ ಆತಂದ್ರ ನೀರು ಒಮ್ಮೆಲೇ ಕಡಿಮಿ ಆಗತೈತಿ, ಸೂರ್ಯ ಮುಳುಗೂ ಹೊತ್ತಿಗೆ ಮತ್ತ ಸರಿ ಆಗತೈತಿ. ಏನದು?" ಎಂದು ಕೇಳಿದರು.

ಸತ್ಯ ಹೇಳಲು ಅದು ಒಳ್ಳೆಯ ಗಳಿಗೆಯಾಗಿತ್ತು. ನಾನು "ವೋಲ್ಟೇಜ್ ಇರಬೇಕ್ರಿ" ಎಂದೆ.

ಮಾತು ಕಡಿಮೆ ಇರುವವರು ಕೇಳಿದ್ದನ್ನು ನಿಜವೆಂದು ಹಿಡಿದುಕೊಂಡು ಕೆಲಸ ಶುರು ಮಾಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಮರುದಿನ ಲೈನ್‌ಮನ್ ಬಂದ. ಕಂಬ ಹತ್ತಿದ, ಇಳಿದ, ಟ್ರಾನ್ಸ್‌ಫಾರ್ಮರ್ ನೋಡಿದ, ಉರಿಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ "ವೋಲ್ಟೇಜ್ ಬರೋಬ್ಬರಿ ಐತಲ್ರಿ ಈರಣ್ಣಾರ" ಎಂದ. ನಾನು ಅವನಿಗೆ ಮಜ್ಜಿಗೆ ತರಿಸಿಕೊಟ್ಟೆ, ಪಾಪ ಪರಿಹಾರಕ್ಕೆ. ಆಮೇಲೆ ಇಬ್ಬರು ಬಂದು, ಪೈಪು ಎಲ್ಲಾದರೂ ಒಡೆದಿದೆಯೇನೋ ಎಂದು ಟಾಕಿಯವರೆಗೆ ನೆಲ ಅಗೆಯಲು ಸುಣ್ಣದ ಗೆರೆ ಹಾಕಿದರು. ಗೆರೆ ಮೂರು ಮನೆಗಳ ಅಂಗಳದ ಮೂಲಕ ಹೋಗಿತ್ತು. ಆ ಮನೆಯವರೆಲ್ಲ ನನ್ನನ್ನು ಕೇಳಲು ಬಂದರು, ನಾನು ಮಂದಿ ಮುಂದೆ ತಲೆ ತುರಿಸುತ್ತ ನಿಂತೆ. ಅಗೆಯುವ ಮುಂಚೆ ತಾವೇ ಒಂದು ಸಲ ಕಣ್ಣಾರೆ ನೋಡುವುದಾಗಿ ಮೇಡಂ ಹೇಳಿಕಳುಹಿಸಿದರು. ಹೇಳಿದಂತೆ ಬಂದರು. ನಾಲ್ಕು ಗಂಟೆಗೆ ಬಂದು ವಾಲ್ವಿನ ಪಕ್ಕದಲ್ಲೇ ನಿಂತರು.

ನಾಲ್ಕೂವರೆಗೆ ಗೇಟಿನಲ್ಲಿ ಕೋಲಿನ ಸಪ್ಪಳವಾಯಿತು. ನನ್ನ ಕೈ ತಾನಾಗಿ ಎದ್ದಿತು. ಚಕ್ರದ ಮೇಲೆ ಅದು ಹೋಗಿ ಕೂತದ್ದನ್ನು ಮೇಡಂ ನೋಡಿದರು, ಆ ಕೈಯ ಹಿಂದೆ ಇದ್ದ ನನ್ನನ್ನು ನೋಡಿದರು, ಬಾಗಿಲಲ್ಲಿ ಬಂದು ನಿಂತ ಮುದುಕರನ್ನು ನೋಡಿದರು. ಕೈ ಅಲ್ಲೇ ಉಳಿಯಿತು. ತಿರುಗಿಸುವಂತಿಲ್ಲ, ತೆಗೆಯುವಂತಿಲ್ಲ.

"ಈ ವಾಲ್ವು ಅರ್ಧ ಮುಚ್ಚಾಕ ಇವರಿಗೆ ಹೇಳಿಕೊಟ್ಟಾವ್ರು ನೀವೇನ್ರಿ ಅಜ್ಜಾರ?" ಎಂದು ಮೇಡಂ ಕೇಳಿದರು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕೂತರು. "ಹೌದ್ರಿ, ನಾನ. ಇಂವಗ ಕೆಲಸ ಕಲಿಸಿದ ವರ್ಷ ಬ್ಯಾಸಿಗ್ಯಾಗ ಬೋರ್‌ನ್ಯಾಗ ನೀರು ಸಾಲತಿದ್ದಿಲ್ಲ. ಮೋಟರ್ ಗಾಳಿ ಎಳಿತಿತ್ತು. ಅದಕ್ಕ ಅರ್ಧ ಮುಚ್ಚು, ಮಳಿ ಬಂದು ಬೋರ್ ತುಂಬಿದ ಮ್ಯಾಲೆ ತೆಗಿ ಅಂದಿದ್ದೆ. ಹೊಳಿ ನೀರು ಬಂದ ಮ್ಯಾಲೂ ಯಾರರ ಮುಚ್ಚತಾರೇನ್ರಿ?"

ಮೇಡಂ ನನ್ನ ಕಡೆ ತಿರುಗಿದರು. ಆ ಬೇಸಿಗೆ ನನಗೂ ಈಗ ನೆನಪಾಯಿತು. ಅವರು ಹೇಳುತ್ತಿದ್ದರು, ನಾನು "ಹೂಂ ಕಾಕಾ, ಹೂಂ ಕಾಕಾ" ಎಂದು ಗೋಣು ಹಾಕುತ್ತಿದ್ದೆ. ಗೋಣು ಹಾಕುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಮುಚ್ಚು ಎಂದದ್ದು ಕಿವಿಗೆ ಬಿದ್ದಿತ್ತು, ಮಳೆಯ ಮಾತು ಬಿದ್ದಿರಲಿಲ್ಲ.

"ಮತ್ತ ದಿನಾ ಇದರ ಕಡೆನ ನೋಡಕೋತ ಕುಂಡ್ರತಿದ್ರಲ್ಲ ಕಾಕಾ. ಮುಚ್ಚಿದ್ದು ಕಂಡಿಲ್ಲೇನು?" ಎಂದೆ. ನನ್ನ ಧ್ವನಿ ನನಗೇ ಅಳುವಂತೆ ಕೇಳಿಸಿತು.

"ನಾ ರಿಟೈರ್ ಆಗೂ ಹೊತ್ತಿಗೇ ಕಣ್ಣಿಗೆ ಪೊರಿ ಬಂದಿತ್ತಲೇ ತಮ್ಮಾ. ವಾಲ್ವು ಎಲ್ಲಿ ಕಾಣತೈತಿ? ಆದ್ರ ಕಿವಿ ಐತಿ. ಮೊದಲೆಲ್ಲಾ ದಿನಾ ಒಂದ ನಮೂನಿ ಸಪ್ಪಳ ಇತ್ತು, ಮೋಟರ್ ಹಳೇದಾಗೇತಿ ಅಂದ್ಕೊಂಡಿದ್ದೆ. ಈಗೊಂದ ತಿಂಗಳಿಂದ ನಾ ಗೇಟಿಗೆ ಬರೂತನಕ ಮೋಟರ್ ಹಗುರ ಇರ್ತೈತಿ, ಒಳಗ ಬರೂದ್ರಾಗ ಉಸಿರು ಬಿಗಿ ಹಿಡಿದಂಗ ಆಗತೈತಿ. ಗದಗದಿಂದ ಮ್ಯಾಡಮ್ಮಾರು ಬಂದಿದ್ರಂತ ಕೇಳಿದ್ದೆ. ಏನೋ ಹೊಸಾ ರೀತಿ ಹೇಳಿಕೊಟ್ಟಿರಬೇಕು, ರಿಟೈರ್ ಆದಾಂವ ನಾ ಯಾಕ ನಡುವ ಬಾಯಿ ಹಾಕ್ಲಿ, ನಿನಗ ಬ್ಯಾಸರಾದೀತು ಅಂತ ಸುಮ್ಮನಿದ್ದೆ."

ಮೇಡಂ ಮೊದಲ ಸಲ ನಕ್ಕರು. ಸುಣ್ಣದ ಗೆರೆ ಅಳಿಸಲು ಹೇಳಿ, ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು, ಹಾವೇರಿ ಕಡೆಯ ಇನ್ನೊಂದು ಊರು ನೋಡಬೇಕೆಂದು ಹೊರಟರು. ನೀರಿನ ಸರದಿ ಮೂರು ದಿನಕ್ಕೇ ಉಳಿಯಿತು. ನಾನು ಚಕ್ರವನ್ನು ಪೂರ್ತಿ ತೆರೆದು, ಚಹಾ ಸೋಸಿ ಕಾಕಾನ ಕೈಗೆ ಕೊಟ್ಟು, ಅವರ ಕಾಲ ಹತ್ತಿರ ಕೂತೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವರು ಇನ್ನೂ ಕುರ್ಚಿಯಲ್ಲೇ ಇದ್ದಾರಲ್ಲ ಎಂದು ಜೀವಕ್ಕೆ ಸಮಾಧಾನವಾಗಿತ್ತು. ಹನ್ನೊಂದು ವರ್ಷದ ಗೋಣಿನ ಲೆಕ್ಕ ಮನಸ್ಸಿಗೆ ಬಂತು.

"ಕಾಕಾ, ನೀವು ಹೇಳಿದ್ದು ನಾ ಪೂರ್ತಿ ಕೇಳಲಾರದ್ದು ಇನ್ನೇನರ ಐತೇನ್ರಿ?" ಎಂದೆ.

ಅವರು ಒಂದು ಗುಟುಕು ಕುಡಿದು, ಮುಖ ಸ್ವಲ್ಪ ಕಿವಿಚಿ, ಲೋಟ ಕೆಳಗಿಟ್ಟರು.

"ಐತಿ. ದವಾಖಾನ್ಯಾಗ ಸಕ್ಕರಿ ಬಂದ್ ಮಾಡು ಅಂದಾರಂತ ಹ್ವಾದ ರಂಜಾನ್‌ದಿಂದ ನಿನಗ ಹೇಳಾಕತ್ತೀನಿ. ನೀ ಹೂಂ ಕಾಕಾ ಅಂತೀ."

ಲೋಟದ ತಳದಲ್ಲಿ ಕರಗದ ಸಕ್ಕರೆ ಬೆಳ್ಳಗೆ ಕಾಣುತ್ತಿತ್ತು. ದೊಡ್ಡವರು ಎಂದು ನಾನು ಅವರ ಲೋಟಕ್ಕೆ ಯಾವಾಗಲೂ ಒಂದು ಚಮಚ ಹೆಚ್ಚೇ ಹಾಕುತ್ತಿದ್ದೆ.