ಒಂದೇ ದರದ ಅಂಗಡಿಯಲ್ಲಿ ನಾನು ಅಣ್ಣನಾದದ್ದು

ನಿರ್ಮಲೆಯನ್ನು ನಾನು ಮೊದಲು ಕಂಡದ್ದು ಸೊರಬದ ಪಾತ್ರೆ ಅಂಗಡಿಯಲ್ಲಿ. ಆಗಷ್ಟೇ ಮೇಷ್ಟರಾಗಿದ್ದ ನಾನು ಹೇಳಿದ ಬೆಲೆ ತೆತ್ತು ಕೊಡಪಾನವೊಂದನ್ನು ತಬ್ಬಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಅದೇ ಅಳತೆಯ ಕೊಡಪಾನ ಹಿಡಿದ ಹುಡುಗಿಯೊಬ್ಬಳು ಬೆಲೆಯ ಮಾತನ್ನೇ ಎತ್ತದೆ ಅಂಗಡಿಯವನತ್ತ ತಿರುಗಿದಳು.

"ಅಣ್ಣಾ, ನಿಮ್ಮೂರು ಯಾವುದ್ರೀ?"

"ಜಡೆ ಕಣಮ್ಮ."

"ಜಡೇನಾ! ನಮ್ಮ ದೊಡ್ಡಮ್ಮನ್ನ ಕೊಟ್ಟಿದ್ದು ಅಲ್ಲಿಗೇ! ಹಂಗಾದ್ರೆ ನಾನು ನಿಮಗೆ ತಂಗಿ ಆಗಬೇಕು!"

ಅಂಗಡಿಯವನು ಕರಗಿಹೋದ. ಬೆಲೆ ಇಳಿಯಿತು, ಮೇಲೊಂದು ಸೌಟು ಉಡುಗೊರೆಯಾಗಿ ಬಂತು! ಇಂಥ ಪ್ರತಿಭೆ ಬೇರೆ ಮನೆ ಸೇರಬಾರದೆಂದು ಮರುದಿನವೇ ಹಿರಿಯರನ್ನು ಓಡಿಸಿದೆ. ಹೀಗೆ ಅವಳು, ಅವಳ ಹಿಂದೆ ಆ ಸೌಟು, ನಮ್ಮ ಮನೆ ತುಂಬಿದವು.

ಅಂದಿನಿಂದ ನಿರ್ಮಲಮ್ಮ ಸೊರಬ, ಆನವಟ್ಟಿ, ಶಿಕಾರಿಪುರಗಳ ಅಂಗಡಿಸಾಲನ್ನೆಲ್ಲ ಬಂಧುಬಳಗವಾಗಿ ಮಾರ್ಪಡಿಸಿದ್ದಾಳೆ. ಬಳೆ ಅಂಗಡಿಯವನು ಅಣ್ಣ, ಎಣ್ಣೆ ಅಂಗಡಿಯವನು ಅಣ್ಣ, ಕಂಪ್ಯೂಟರ್ ಬಿಲ್ ಕೊಡುವ ಅಂಗಡಿಯ ಮ್ಯಾನೇಜರನೂ ಅಣ್ಣ! ರಾಜರು ಕತ್ತಿ ಹಿರಿದು ಗೆದ್ದ ಸೀಮೆಯನ್ನು ಇವಳು ಕ್ಷೇಮಸಮಾಚಾರ ಕೇಳಿಯೇ ಗೆದ್ದಳು.

ಹೋದ ದೀಪಾವಳಿಗೆ ನನ್ನಲ್ಲೂ ವೀರಾವೇಶ ಉಕ್ಕಿತು.

"ಈ ಸಲ ನಿನ್ನ ಸೀರೆ ನಾನೇ ತರ್ತೀನಿ! ಶಿಕಾರಿಪುರದ 'ಒಂದೇ ದರ' ಅಂಗಡಿಯಿಂದ, ಅದೂ ಕಡಿಮೆ ಮಾಡಿಸಿ!"

"ನಿಮಗ್ಯಾಕ್ರೀ ಬೇಕು ಆ ಉಸಾಬರಿ?"

"ಜನ್ಮವೆಲ್ಲ ಪಾಠ ಮಾಡಿದವನು ನಾನು. ಊರು ಕೇಳೋದೂ ಒಂದು ವಿದ್ಯೆಯೇ?"

ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಒಡತಿ ಅಕ್ಕನಾಗಮ್ಮ ಕುಳಿತಿದ್ದಳು. ತಲೆಯ ಮೇಲೆ 'ಒಂದೇ ದರ' ಎಂಬ ಫಲಕ. ನೀಲಿ ಸೀರೆಯೊಂದನ್ನು ಆರಿಸಿ, ಗಂಟಲು ಸರಿಪಡಿಸಿಕೊಂಡು ಅಸ್ತ್ರ ಬಿಟ್ಟೆ.

"ನಿಮ್ಮ ತವರು ಯಾವುದಮ್ಮ?"

"ಹೊಸಬಾಳೆ ರೀ."

"ಹೊಸಬಾಳೆ! ನಮ್ಮ ಚಿಕ್ಕಮ್ಮನ್ನ ಕೊಟ್ಟ ಊರು! ಹಾಗಾದ್ರೆ ನಾನು ನಿನಗೆ ಅಣ್ಣ ಆಗಬೇಕು ತಂಗೀ!"

ಅಕ್ಕನಾಗಮ್ಮನ ಕಣ್ಣು ತುಂಬಿ ಬಂತು. ಬೆಲೆ ತಾನಾಗಿಯೇ ಇಳಿಯಿತು. ಚಹಾ ಬಂತು. ಗೆದ್ದೆನೆಂದು ಮೀಸೆ ತಿರುವುವಷ್ಟರಲ್ಲಿ ಲಗ್ನಪತ್ರಿಕೆಯೂ ಬಂತು!

"ಹಬ್ಬ ಕಳದ ಮ್ಯಾಲೆ ಮಗಳ ಮದುವಿ ಐತಣ್ಣಾ. ನಂಗೆ ಒಡಹುಟ್ಟಿದೋರು ಯಾರೂ ಇಲ್ಲ. ಸೋದರಮಾವನ ಜಾಗದಾಗೆ ಯಾರನ್ನ ನಿಲ್ಲಿಸ್ಲಿ ಅಂತ ಅಳ್ತಾ ಕುಂತಿದ್ದೆ. ದೇವ್ರೇ ನಿಮ್ಮನ್ನ ಕಳಿಸ್ಯಾನ!"

ಮನೆಯಲ್ಲಿ ಪತ್ರಿಕೆ ನೋಡಿದ ನಿರ್ಮಲಮ್ಮ ಹಣೆ ಚಚ್ಚಿಕೊಂಡಳು.

"ಇಷ್ಟು ವರ್ಷ ನೋಡಿಯೂ ತಿಳೀಲಿಲ್ವೇನ್ರೀ? ನಾನು ಎಲ್ಲಿ ಹೋದ್ರೂ ತಂಗಿ ಆಗ್ತೀನಿ. ತಂಗಿಗೆ ಕೊಡೋರು ಅಣ್ಣಂದಿರು! ನೀವು ಹೋಗಿ ಅಣ್ಣ ಆಗಿ ಬಂದ್ರಲ್ಲ!"

ಸೋದರಮಾವನೆಂದರೆ ಮದುಮಗಳಿಗೊಂದು ಸೀರೆ, ಬೆಳ್ಳಿಯ ಕಾಲುಂಗುರ. ತಾಯಿಗೆ ತವರಿನ ಸೀರೆ! ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ.

"ಜ್ವರ ಬಂದಿದೆ ಅಂತ ಹೇಳಿ ಕಳಿಸಲೇನೇ?"

"ಚೆನ್ನಾಗಿ ಹೇಳ್ತೀರಿ! ಆ ಹೆಣ್ಣುಮಗಳು ಬೀಗರ ಮುಂದೆಲ್ಲ 'ನಮ್ಮಣ್ಣ ಬರ್ತಾನೆ' ಅಂತ ಹೇಳ್ಕೊಂಡು ಓಡಾಡ್ತಿರ್ತಾಳೆ. ಅವಳು ತಲೆ ತಗ್ಗಿಸೋ ಹಂಗೆ ಮಾಡ್ತೀರಾ? ಬಾಯಲ್ಲಿ ಅಣ್ಣ ಆಗಿದ್ದೀರಿ, ಕೈಯಲ್ಲೂ ಆಗಿ!"

ಹೀಗೆಂದವಳೇ, ತನಗಾಗಿ ತಂದ ನೀಲಿ ಸೀರೆಯನ್ನು ಮಡಿಕೆ ಬಿಚ್ಚದೆ ತವರಿನ ಸೀರೆಯೆಂದು ಎತ್ತಿಟ್ಟಳು. ಉಳಿದವುಗಳಿಗೆ ಆನವಟ್ಟಿಯ ಇಬ್ಬರು ಅಣ್ಣಂದಿರ ಅಂಗಡಿಗೆ ಹೊರಟಳು. ತಂಗಿಯಾಗಿಯೇ!

ಮದುವೆಯಲ್ಲಿ ನಾನು ರುಮಾಲು ಸುತ್ತಿ ಮದುಮಗಳ ಪಕ್ಕದಲ್ಲಿ ಸಿಂಹದಂತೆ ನಿಂತೆ. ಅಕ್ಕನಾಗಮ್ಮ ನೀಲಿ ಸೀರೆಯುಟ್ಟು, "ನಮ್ಮ ತವರಿಂದ ಬಂದಿದ್ದು" ಎಂದು ಕಂಡವರಿಗೆಲ್ಲ ಸೆರಗು ತೋರಿಸಿದಳು. ಅದು ತನ್ನದೇ ಅಂಗಡಿಯ ಸೀರೆಯೆಂದು ಆ ಮಹಾತಾಯಿ ತುಟಿ ಬಿಚ್ಚಲಿಲ್ಲ!

ಈಗ ನಿರ್ಮಲಮ್ಮ ಸಂತೆಯ ದಿನ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋಗುತ್ತಾಳೆ. ಮಗಳನ್ನು ಕಳಿಸಿ ಒಂಟಿಯಾದ ನಾದಿನಿ ಅಕ್ಕನಾಗಮ್ಮನ ಜೊತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಯಾರಾದರೂ "ಅಕ್ಕಾ, ನಿಮ್ಮೂರು..." ಎಂದು ಬಾಯಿ ತೆರೆದರೆ ಸಾಕು, ನಗುನಗುತ್ತಾ ಫಲಕ ತೋರಿಸುತ್ತಾಳೆ. ಆ ಅಸ್ತ್ರ ಅವಳಿಗೆ ಗೊತ್ತಿಲ್ಲವೇ!

ಮೊನ್ನೆ ನಾನೇ ಹೋಗಿ ಒಂದು ಟವೆಲ್ ಆರಿಸಿ, ಮೆಲ್ಲಗೆ ಕೇಳಿದೆ: "ಮನೆಯವನಿಗೆ ಏನಾದರೂ ಕಡಿಮೆ ಉಂಟೇ?"

ನನ್ನ ಧರ್ಮಪತ್ನಿ ಕೈ ಚಾಚಿದಳು.

"ಅಣ್ಣ ಆದೋರು ತಂಗಿ ಅಂಗಡೀಲಿ ಚೌಕಾಸಿ ಮಾಡ್ತಾರೇನ್ರೀ? ಚಿಲ್ಲರೆ ಕೊಡಿ!"