ಬೊಮ್ಮಯ್ಯನ ಎಡಗಾಲು

ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ತಾನು ಎತ್ತಿ ತರಬೇಕು, ತನ್ನ ಗಾಡಿ ಮಾತ್ರ ಯಾವತ್ತೂ ದಾರಿಯಲ್ಲಿ ನಿಲ್ಲಬಾರದು. ಇದು ಹೊಳನಗದ್ದೆಯ ಬೊಮ್ಮಯ್ಯನ ಘೋರ ಪ್ರತಿಜ್ಞೆ! ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹಳೆಯ ಡೀಸೆಲ್ ಟೋವಿಂಗ್ ಗಾಡಿ ಕೊಂಡು ಹಾರ ಹಾಕಿದ ದಿನ, ಹೆಂಡತಿಯ ತಮ್ಮ ವಿನೋದನ ಎದುರಿಗೆ ಇನ್ನೊಂದು ಮಾತು ಸೇರಿಸಿಬಿಟ್ಟ.

"ನನ್ನ ಗಾಡಿ ಒಂದೇ ಒಂದು ದಿನ ದಾರಿ ಮೇಲೆ ನಿಂತ್ರೆ, ಮಾರನೇ ದಿನ ನಿನ್ನ ಬೋಟಿಗೆ ಬತ್ತೆ."

ವಿನೋದ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡ. ಅವನ ಮೀನಿನ ಬೋಟಿನಲ್ಲಿ ಎಂಟು ವರ್ಷ ಡ್ರೈವರ್ ಆಗಿದ್ದವನು ಬೊಮ್ಮಯ್ಯನೇ. ತನಗಿಂತ ಆರು ವರ್ಷ ಚಿಕ್ಕವನ ಬಾಯಲ್ಲಿ ದಿನವಿಡೀ 'ಬಾವ, ಎಡಕ್ಕೆ; ಬಾವ, ಮೆಲ್ಲಗೆ' ಎನ್ನಿಸಿಕೊಂಡು ಸಾಕಾಗಿ ನೆಲಕ್ಕೆ ಬಂದಿದ್ದ. ಬೋಟು ಬಿಟ್ಟರೂ ಬೋಟಿನ ವಿದ್ಯೆ ಅವನನ್ನು ಬಿಡಲಿಲ್ಲ. ಬೋಟಿನಲ್ಲಿ ಎಂಜಿನ್ನಿನ ಮೇಲಿನ ಹಲಗೆಗೆ ಎಡಗಾಲು ಊರಿ ನಿಂತರೆ ಸಾಕು, ಎಂಜಿನ್ನಿಗೆ ನೆಗಡಿಯೋ ಜ್ವರವೋ ಅಂಗಾಲಿಗೇ ತಿಳಿಯುತ್ತದೆ. ಗಾಡಿಯಲ್ಲಿ ಹಲಗೆ ಎಲ್ಲಿಂದ ಬರಬೇಕು? ಬೊಮ್ಮಯ್ಯ ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಇಟ್ಟುಕೊಂಡೇ ಓಡಿಸತೊಡಗಿದ. "ಡಾಕ್ಟರು ಕೈ ಹಿಡ್ದು ನೋಡೂದು, ನಾ ಕಾಲಲ್ಲೇ ನೋಡೂದು" ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಲೂ ಇದ್ದ.

ಗಾಡಿ ಕೊಂಡು ವರ್ಷ ತುಂಬಲು ಇನ್ನು ಹದಿನೈದು ದಿನವಿತ್ತು. ಅವತ್ತು ಬೆಳಿಗ್ಗೆ ಭಟ್ಕಳ ಬಂದರಿನಿಂದ ಬಂಗಡೆ ಮೀನಿನ ಪೆಟ್ಟಿಗೆ ತುಂಬಿಕೊಂಡು ಕುಮಟೆ ಪೇಟೆಗೆ ಹೊರಟ ವಿನೋದನ ಪಿಕಪ್ ಶಿರಾಲಿಯಲ್ಲಿ ಪ್ರಾಣ ಬಿಟ್ಟಿತು. ಜೊತೆಗೆ ಮೀನು ಮಾರುವ ಅಕ್ಕ, ಅಂದರೆ ಬೊಮ್ಮಯ್ಯನ ಹೆಂಡತಿ ದೇವಿಯೂ ಇದ್ದಳು. ಫೋನು ಬಂದದ್ದೇ ತಡ, ಬೊಮ್ಮಯ್ಯ ದಂಡೆತ್ತಿ ಹೋಗುವ ಅರಸನಂತೆ ಹೊರಟ. ಪಿಕಪ್ಪಿನ ಮುಂದಿನ ಗಾಲಿ ಎತ್ತಿ ಕಟ್ಟಿ, ಹೆಂಡತಿಯನ್ನೂ ಭಾವಮೈದುನನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಿಟ್ಟ ನೋಡಿ ಗಾಡಿ! ಶರಾವತಿ ಸೇತುವೆ ದಾಟುವವರೆಗೆ ಅವನ ಮಾತಿಗೂ ಗಾಡಿಗೂ ಒಂದೇ ವೇಗ.

ಹೊನ್ನಾವರ ದಾಟಿದ ಮೇಲಿನ ಏರಿನಲ್ಲಿ ಲೆಕ್ಕ ತಪ್ಪಿತು. ಒತ್ತಿದಷ್ಟೂ ಎಂಜಿನ್ನು ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಹಿಂದೆ ಬೀಳುತ್ತದೆ. ಎಂಜಿನ್ನಿಗೆ ಕಾರವಾರ ಮುಟ್ಟುವ ಅವಸರ. ಗಾಲಿಗಳಿಗೆ ಹೊನ್ನಾವರದಲ್ಲೇ ಊಟ ಮುಗಿಸಿ ಹೋಗುವ ಆಸೆ. ಬೊಮ್ಮಯ್ಯ ಎಡಗಾಲನ್ನು ವಿಚಾರಿಸಿದ. ಎಂಜಿನ್ನು ಗುಂಡುಕಲ್ಲಿನಂತಿದೆ ಎಂದು ಅದು ವರದಿ ಕೊಟ್ಟಿತು. ಹಾಗಾದರೆ ಗಾಡಿ ಯಾಕೆ ಹೋಗುತ್ತಿಲ್ಲ? ಅವನಿಗೆ ತಲೆಬುಡ ತಿಳಿಯಲಿಲ್ಲ.

ದೇವಿ ಮೂಗು ಮುಚ್ಚಿಕೊಂಡು, ಎಂತದೋ ಸುಟ್ಟ ವಾಸನೆ ಎಂದಳು. ಗದ್ದೆಯಲ್ಲಿ ಯಾರೋ ಟಯರು ಸುಡುತ್ತಿರಬೇಕು ಎಂದ ಬೊಮ್ಮಯ್ಯ. ಅರ್ಧ ಮೈಲಿಯಿಂದ ನಮ್ಮ ಜೊತೆಗೇ ಸುಡುತ್ತಾ ಬರುತ್ತಿದ್ದಾನಾ ಎಂದು ಅವಳು ಕೇಳಿದ ಮೇಲೆ ಗಾಡಿಯನ್ನು ಬದಿಗೆ ಹಾಕಿದ.

"ಬಾವ, ಗಾಡಿ ನಿಂತ್ತಾ?" ವಿನೋದನ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ನಿಂತದ್ದಲ್ಲ, ನಾ ನಿಲ್ಸಿದ್ದು."

ಬೋಟಿನಲ್ಲಿ ಎಂಜಿನ್ನು ಕೂಗಿ ಬೋಟು ಹೋಗದಿದ್ದರೆ ಒಂದೇ ಅರ್ಥ: ನೀರಿನೊಳಗಿನ ಫ್ಯಾನಿಗೆ ಬಲೆಯೋ ಹಗ್ಗವೋ ಸುತ್ತಿದೆ. ಬೊಮ್ಮಯ್ಯ ಕತ್ತಿ ಹಿಡಿದು ಗಾಡಿಯ ಅಡಿಗೆ ತೆವಳಿದ. ದೇವರು ಅವನನ್ನು ಹಾಳು ಮಾಡಲೆಂದೇ ಅಲ್ಲೊಂದು ಪ್ಲಾಸ್ಟಿಕ್ ಚೀಲದ ಚೂರನ್ನು ಸಿಕ್ಕಿಸಿಟ್ಟಿದ್ದ! ಅದನ್ನು ಕತ್ತರಿಸಿ ತಂದು, ಹುಲಿ ಹೊಡೆದವನಂತೆ ಇಬ್ಬರಿಗೂ ತೋರಿಸಿದ. ಮತ್ತೆ ಹೊರಟರೆ ಅದೇ ಬೊಬ್ಬೆ, ಅದೇ ವಾಸನೆ. ಹಾಗಾದರೆ ಭಾರ ಜಾಸ್ತಿಯಾಗಿದೆ ಎಂದು ತೀರ್ಮಾನಿಸಿ ಇಬ್ಬರನ್ನೂ ಕೆಳಗಿಳಿಸಿದ. ದೇವಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದಳು. ಸ್ವಲ್ಪ ಹೊತ್ತಿಗೆ ಗಾಡಿಯನ್ನು ಹಿಂದೆ ಹಾಕಿದಳು. ಏರಿನ ತುದಿಯಲ್ಲಿ ನೆರಳು ನೋಡಿ ಕೂತು, ಗಂಡ ಬರುವುದನ್ನೇ ಕಾದಳು.

ಗಂಡ ಬರಲಿಲ್ಲ. ಅರ್ಧ ಏರಿನಲ್ಲಿ ಕುಮಟೆಯ ಮೆಕ್ಯಾನಿಕ್ ದುರ್ಗನಿಗೆ ಫೋನು ಹಚ್ಚಿದ್ದ. ದುರ್ಗ ಒಂದು ಪರೀಕ್ಷೆ ಹೇಳಿಕೊಟ್ಟ: ಹ್ಯಾಂಡ್‌ಬ್ರೇಕು ಎಳೆದು, ನಾಲ್ಕನೇ ಗೇರು ಹಾಕಿ, ಕ್ಲಚ್ಚು ಬಿಟ್ಟು, ಎಂಜಿನ್ನು ಬಂದ್ ಆಗುತ್ತದೋ ನೋಡಬೇಕು. ಬೊಮ್ಮಯ್ಯ ಹಾಗೇ ಮಾಡಿದ. ಅವನ ಮುಖ ಅರಳಿತು.

"ಬಂದ್ ಆಗ್ಲೇ ಇಲ್ಲ ಮಾರಾಯ. ನಾ ಹೇಳ್ಲಿಲ್ವ, ನನ್ನ ಎಂಜಿನ್ ಗಟ್ಟಿ."

ಆ ಕಡೆ ದುರ್ಗ ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿತು.

"ಬೊಮ್ಮಯ್ಯಣ್ಣ, ಬಂದ್ ಆಗ್ಬೇಕಿತ್ತು."

"ಗಟ್ಟಿ ಎಂಜಿನ್ ಎಂತಕ್ಕೆ ಬಂದ್ ಆಗ್ಬೇಕು?"

"ಎಂಜಿನ್ ಗಟ್ಟಿಯೇ ಅದೆ. ಅದು ತಿರುಗಿದ್ದು ಗಾಲಿಗೆ ಮುಟ್ತಾ ಇಲ್ಲ. ನಿಮ್ಮ ಕ್ಲಚ್ ಪ್ಲೇಟು ಜಾರ್ತದೆ."

ಮುಂದಿನದನ್ನು ಕರ್ಕಿ, ಹಳದೀಪುರ, ಧಾರೇಶ್ವರದ ಜನರೆಲ್ಲ ಕಣ್ಣಾರೆ ನೋಡಿದ್ದಾರೆ. ಚಿರೆಕಲ್ಲು ಇಳಿಸಿ ಮರಳುತ್ತಿದ್ದ ಖಾಲಿ ಲಾರಿಯೊಂದು ಮುಂದೆ, ಅದಕ್ಕೆ ಕಟ್ಟಿದ ಟೋವಿಂಗ್ ಗಾಡಿ ಹಿಂದೆ, ಅದಕ್ಕೆ ಕಟ್ಟಿದ ಪಿಕಪ್ಪು ಅದರ ಹಿಂದೆ, ಅದರಲ್ಲಿ ಬಂಗಡೆ! ದಿಬ್ಬಣವೋ ಮೆರವಣಿಗೆಯೋ ತಿಳಿಯದ ಒಬ್ಬ ಅಜ್ಜ ಕೈ ಮುಗಿದನಂತೆ.

ದುರ್ಗ ಬಿಚ್ಚಿ ಹೊರತೆಗೆದ ಪ್ಲೇಟು ಕಾವಲಿಯ ಮೇಲೆ ಮರೆತ ದೋಸೆಯಾಗಿತ್ತು.

"ಓಡಿಸೂವಾಗ ಎಡಗಾಲು ಎಲ್ಲಿಡ್ತೀರಿ?" ಎಂದ.

"ಕೆಳಗೆ. ಮತ್ತೆಲ್ಲಿ?"

"ಸುಳ್ಳು" ಎಂದಳು ದೇವಿ. "ವರ್ಷದಿಂದ ನೋಡ್ತಾ ಇದ್ದೆ. ಆ ಕಾಲು ಪೆಡಲ್ ಬಿಟ್ಟು ಇಳಿದದ್ದೇ ಇಲ್ಲ."

ಪೆಡಲಿನ ಮೇಲೆ ಕಾಲಿನ ಭಾರ ಇದ್ದಷ್ಟು ಹೊತ್ತೂ ಪ್ಲೇಟು ಪೂರ್ತಿ ಕಚ್ಚಿಕೊಳ್ಳದೆ ಉಜ್ಜುತ್ತ ಸುಡುತ್ತದೆ ಎಂದು ದುರ್ಗ ವಿವರಿಸಿದ. ಎಂಜಿನ್ನಿನ ನಾಡಿ ನೋಡುತ್ತಲೇ ಡಾಕ್ಟರ್ ಬೊಮ್ಮಯ್ಯ ರೋಗಿಯ ಕತ್ತು ಹಿಸುಕಿದ್ದ. ಗಾಡಿ ಎಂಟು ದಿನ ಗ್ಯಾರೇಜಿನಲ್ಲಿರಬೇಕು ಎಂದೂ ದುರ್ಗ ಹೇಳಿದ. ವಿನೋದ ಬೋಟಿನ ಬೀಗದ ಕೈಯನ್ನು ಬಾವನ ಅಂಗಿಯ ಜೇಬಿಗೆ ಹಾಕಿ ಹೋದ.

ಕೊಟ್ಟ ಮಾತಿನಂತೆ ಬೊಮ್ಮಯ್ಯ ಮಾರನೇ ದಿನ ಬೋಟಿಗೆ ಹೋದ. ಈ ಸಲ ಮಾತ್ರ ಪಾಠ ಕಲಿತಿದ್ದ. ಪೆಟ್ಟಿಗೆಯ ಮೇಲೆ ಕೂತು, ಎಡಗಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಓಡಿಸಿದ. ಬಲೆ ಎಳೆದಾದ ಮೇಲೆ ಎಂಜಿನ್ನು ಒದ್ದಾಡತೊಡಗಿತು, ಬೋಟು ಅಲ್ಲಾಡಲಿಲ್ಲ. ಎಲ್ಲರೂ ಅವನ ಮುಖ ನೋಡಿದರು.

"ಕ್ಲಚ್ ಪ್ಲೇಟ್ ಜಾರ್ತದೆ" ಎಂದು ಬೊಮ್ಮಯ್ಯ ಗಂಭೀರವಾಗಿ ಹೇಳಿ, ದುರ್ಗನಿಗೆ ಹಚ್ಚಲು ಫೋನಿನ ಸಿಗ್ನಲ್ ಹುಡುಕತೊಡಗಿದ. ಅಷ್ಟರಲ್ಲಿ ವಿನೋದ ಹಿಂದೆ ಬಗ್ಗಿ ನೋಡಿದ್ದ. ಅರ್ಧ ಬಲೆ ಫ್ಯಾನಿಗೆ ಸುತ್ತಿ ಗಂಟಾಗಿತ್ತು.

ಇನ್ನೊಂದು ಬೋಟು ಹಗ್ಗ ಕಟ್ಟಿ ಬಂದರಿಗೆ ಎಳೆದು ತಂದಿತು. ದಡದಲ್ಲಿ ದೇವಿ ಬುಟ್ಟಿ ಹಿಡಿದು ನಿಂತಿದ್ದಳು. ಒಂದು ನಿಮಿಷ ನೋಡಿದಳು.

"ಇವತ್ತು ಎಡಗಾಲು ಎಲ್ಲಿತ್ತು?"

"ಎತ್ಕಂಡೇ ಕೂತಿದ್ದೆ ಮಾರಾಯ್ತಿ."

"ಅದೇ ಆದದ್ದು ಅಕ್ಕ" ಎಂದ ವಿನೋದ. "ಹಲಗೆ ಮೇಲಿಟ್ಟಿದ್ರೆ ಬಲೆ ಸುತ್ತೂಕೆ ಶುರುವಾದಾಗ್ಲೇ ಗೊತ್ತಾಗ್ತಿತ್ತು."

ಬೊಮ್ಮಯ್ಯ ಎಡಗಾಲನ್ನೇ ನೋಡುತ್ತ ನಿಂತ. ದಡಕ್ಕೆ ಮೊದಲು ಅದನ್ನಿಡಬೇಕೋ ಬಲಗಾಲನ್ನಿಡಬೇಕೋ ಅವನಿಗೆ ತಿಳಿಯಲಿಲ್ಲ. ದೇವಿ ಕೈ ಕೊಟ್ಟು ಇಳಿಸಿಕೊಂಡಳು.

"ನಾಳೆಯಿಂದ ಮನೆ ಬಿಡೂವಾಗ ನನ್ನ ಕೇಳ್ಕಂಡು ಹೋಗಿ, ಆ ಕಾಲು ಎಲ್ಲಿಡೂದು ಅಂತ."